ಓದುಗರ ಪ್ರಶ್ನೆಗಳಿಗೆ ಉತ್ತರ: ಕಡಲ ಸಂಶೋಧನೆ ಮತ್ತು ಉಲ್ಲೇಖದ ಲೆಕ್ಕ

ಪ್ರಶ್ನೆ: ಸಾಗರ ಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಎಲ್ಲರೂ ಎಚ್-ಇಂಡೆಕ್ಸ್ ಕೇಳುತ್ತಾರೆ. ಅದರ ಲೆಕ್ಕ ಹೇಗೆ? ಗೂಗಲ್ ಸ್ಕಾಲರ್‌ನಲ್ಲಿ ಒಂದು, ಸ್ಕೋಪಸ್‌ನಲ್ಲಿ ಇನ್ನೊಂದು ತೋರಿಸುವುದೇಕೆ?

ಉತ್ತರ: ನಿಮ್ಮ ಪ್ರಬಂಧಗಳನ್ನು ಉಲ್ಲೇಖದ, ಅಂದರೆ ಬೇರೆ ಪ್ರಬಂಧಗಳು ಅವನ್ನು ಎಷ್ಟು ಸಲ ಹೆಸರಿಸಿವೆ ಎಂಬುದರ, ಇಳಿಕೆ ಕ್ರಮದಲ್ಲಿ ಬರೆದುಕೊಳ್ಳಿ. 40, 22, 15, 9, 6, 5, 3, 1 ಎಂದಿರಲಿ. ಐದನೆಯದಕ್ಕೆ 6 ಉಲ್ಲೇಖ ಇದೆ, ಆರನೆಯದಕ್ಕೆ 5 ಮಾತ್ರ. ಕನಿಷ್ಠ ಐದೈದು ಉಲ್ಲೇಖದ ಐದು ಪ್ರಬಂಧ ಇವೆ, ಆರಾರರ ಆರು ಇಲ್ಲ, ಅಲ್ಲಿಗೆ ಎಚ್-ಇಂಡೆಕ್ಸ್ 5. ಸ್ಕಾಲರ್ ತೋರಿಸುವ ಐ10 ಎಂದರೆ ಹತ್ತಕ್ಕೆ ಕಡಿಮೆಯಿಲ್ಲದ ಉಲ್ಲೇಖವಿರುವ ಪ್ರಬಂಧಗಳ ಸಂಖ್ಯೆ, ಇಲ್ಲಿ 3. ಮೊದಲ ಪ್ರಬಂಧದ 40 ನಾಳೆ 400 ಆದರೂ ಎಚ್ ಕದಲುವುದಿಲ್ಲ. 2005ರಲ್ಲಿ ಹೋರ್ಹೆ ಹಿರ್ಷ್ ಇದನ್ನು ಮುಂದಿಟ್ಟಾಗ ಅವರ ಕಣ್ಣ ಮುಂದಿದ್ದವರು ಭೌತವಿಜ್ಞಾನಿಗಳು. ನಮ್ಮಲ್ಲಿ ಅದನ್ನು ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಜೀವಿಗಳು) ಎಣಿಸುವವರಿಗೂ ಹಚ್ಚುತ್ತಾರೆ. ಸ್ಕಾಲರ್ ಥೀಸಿಸ್, ವರದಿ, ಪ್ರಿಪ್ರಿಂಟ್‌ಗಳ (ವಿಮರ್ಶೆಗೆ ಮೊದಲೇ ಹೊರಬಿಟ್ಟ ಪ್ರಬಂಧಗಳ) ಉಲ್ಲೇಖವನ್ನೂ ಸೇರಿಸುತ್ತದೆ. ಸ್ಕೋಪಸ್ ಆಯ್ದ ಜರ್ನಲ್‌ಗಳ ಉಲ್ಲೇಖ ಸಂಗ್ರಹ, ಅದು ಎಣಿಸುವುದು ತನ್ನ ಪಟ್ಟಿಯೊಳಗಿನದನ್ನಷ್ಟೇ. ಅರ್ಜಿಯಲ್ಲಿ ಎರಡನ್ನೂ ಬೆರೆಸಬೇಡಿ, ಯಾವುದರಿಂದ, ಯಾವ ದಿನಾಂಕಕ್ಕೆ ಎಂದು ನಮೂದಿಸಿ.

ಪ್ರಶ್ನೆ: ನನ್ನದು ಸಮುದ್ರದ ಹುಳುಗಳ ವರ್ಗೀಕರಣ. ಸಮುದ್ರದ ಉಷ್ಣಾಂಶದ ಮಾದರಿ ಮಾಡುವ ಗೆಳೆಯನಿಗೆ ನನ್ನ ಹತ್ತರಷ್ಟು ಉಲ್ಲೇಖ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಎಲ್ಲೂ ಇಲ್ಲ. ಬೂತಾಯಿಯ ಹೆಸರನ್ನು ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ವ್ಯಾಲೆನ್ಸಿಯೆನ್ಸ್, 1847 ಎಂದು ಬರೆಯುತ್ತೇವೆ, ಕೊನೆಯದು ಅದನ್ನು ಮೊದಲು ವಿವರಿಸಿದವರ ಹೆಸರು ಮತ್ತು ವರ್ಷ. ಆ ಮೀನಿನ ಕುರಿತ ಪ್ರಬಂಧಗಳಲ್ಲೆಲ್ಲ ವ್ಯಾಲೆನ್ಸಿಯೆನ್ಸ್ ಇದ್ದಾರೆ, ಆದರೆ ಮೂಲ ವಿವರಣೆ ಕೊನೆಯ ಗ್ರಂಥಸೂಚಿಗೆ ಸೇರದ ಕಾರಣ ಅದು ಉಲ್ಲೇಖವಾಗಿ ಎಣಿಕೆಗೆ ಬರುವುದಿಲ್ಲ. ವರ್ಗೀಕರಣದವರ ಶ್ರಮ ಸೋರಿಹೋಗುವುದು ಇಲ್ಲಿಯೇ. ಹೆಸರು ಕೊಟ್ಟವರ ಪ್ರಬಂಧವನ್ನೂ ಸೂಚಿಯಲ್ಲಿ ಸೇರಿಸಿ ಎಂದು ಸಹಲೇಖಕರನ್ನು ಒತ್ತಾಯಿಸಿ. ಹೊಸ ಪ್ರಭೇದವನ್ನು ಆನ್‌ಲೈನ್ ಜರ್ನಲ್‌ನಲ್ಲಿ ವಿವರಿಸುವಾಗ ಪ್ರಕಟಣೆಗೆ ಮೊದಲೇ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿ, ಅದರ ಪುರಾವೆ ಪ್ರಬಂಧದೊಳಗೇ ಇರುವಂತೆ ನೋಡಿಕೊಳ್ಳಿ. 2012ರಿಂದ ಇದು ನಿಯಮ. ಮರೆತರೆ ಹೆಸರೇ ಊರ್ಜಿತವಾಗದು. ಅರ್ಜಿಯಲ್ಲಿ ಎಚ್-ಇಂಡೆಕ್ಸ್ ಜೊತೆಗೆ ಪ್ರಭೇದಗಳ ಪಟ್ಟಿ, ಮಾದರಿ ಇಟ್ಟಿರುವ ಸಂಗ್ರಹಾಲಯದ ನೋಂದಣಿ ಸಂಖ್ಯೆ, ಠೇವಣಿ ಮಾಡಿದ ಡಿಎನ್‌ಎ ಅನುಕ್ರಮಗಳ ಸಂಖ್ಯೆ ಕೊಡಿ. ತಿಳಿದ ಪರೀಕ್ಷಕರು ಮೊದಲು ನೋಡುವುದು ಅದನ್ನೇ.

ಪ್ರಶ್ನೆ: ಅಳಿವೆಯ ನೀರಿನ ಗುಣಮಟ್ಟ, ಪ್ಲಾಂಕ್ಟನ್ ಕುರಿತ ನನ್ನ ಪ್ರಬಂಧ ಎರಡು ಕಡೆ ತಿರಸ್ಕೃತವಾಯಿತು. ಕಾರಣ ಏನಿರಬಹುದು?

ಉತ್ತರ: ಹೆಚ್ಚಾಗಿ ಇಂಗ್ಲಿಷ್ ಅಲ್ಲ, ಮಾದರಿ ಸಂಗ್ರಹ. ನಮ್ಮ ಕರಾವಳಿಯಲ್ಲಿ ಫೆಬ್ರವರಿ–ಮೇ, ಜೂನ್–ಸೆಪ್ಟೆಂಬರ್, ಅಕ್ಟೋಬರ್–ಜನವರಿ ಮೂರು ಬೇರೆಯೇ ನೀರು. ಒಂದೇ ಅವಧಿಯದನ್ನು ತಂದು ಅಳಿವೆಯ ಸ್ಥಿತಿ ಎಂದರೆ ವಿಮರ್ಶಕರು ಒಪ್ಪುವುದಿಲ್ಲ. ಮಳೆಗಾಲದ ಮಾದರಿ ಕಷ್ಟ, ನಿಜ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವೂ ಇದೆ, ಆದ್ದರಿಂದ ದೋಣಿಯ ಏರ್ಪಾಡು ಮೇ ತಿಂಗಳಲ್ಲೇ ಆಗಬೇಕು. ಎರಡನೆಯದು, ಒಂದೇ ಜಾಗದಲ್ಲಿ ತುಂಬಿದ ಮೂರು ಬಾಟಲಿ ಮೂರು ಸ್ವತಂತ್ರ ಮಾದರಿಯಲ್ಲ. ಉಬ್ಬರವೋ ಇಳಿತವೋ ಬರೆಯದ ಲವಣಾಂಶದ ಅಂಕಿಗೂ ಬೆಲೆಯಿಲ್ಲ. ಕರಗಿದ ಆಮ್ಲಜನಕವನ್ನು ರಾಸಾಯನಿಕವಾಗಿ ಅಳೆಯುವ ವಿಂಕ್ಲರ್ ವಿಧಾನವಾದರೆ ಮ್ಯಾಂಗನೀಸ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ದೋಣಿಯಲ್ಲೇ, ಗಾಳಿಗುಳ್ಳೆ ಇಲ್ಲದಂತೆ ಹಾಕಿ. ದಡಕ್ಕೆ ತಂದು ಹಾಕುವಷ್ಟರಲ್ಲಿ ಬಾಟಲಿಯೊಳಗಿನ ಜೀವಿಗಳು ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತಿರುತ್ತವೆ. ಪ್ಲಾಂಕ್ಟನ್ ಅನ್ನು ಎರಡು ಪಾಲು ಮಾಡಿ: ಆಕಾರ ನೋಡಲು 4–5% ಬಫರ್ಡ್ ಫಾರ್ಮಲಿನ್, ಡಿಎನ್‌ಎಗೆ 95% ಎಥನಾಲ್. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದವರು ಆಮೇಲೆ ಬಾರ್‌ಕೋಡಿಂಗ್ (ಡಿಎನ್‌ಎ ತುಣುಕಿನಿಂದ ಪ್ರಭೇದ ಗುರುತಿಸುವುದು) ಮಾಡಲು ಹೊರಟರೆ ಡಿಎನ್‌ಎ ಚೂರುಚೂರಾಗಿ, ಅಡ್ಡಬಂಧಗಳಿಂದ ಕಟ್ಟಿಹೋಗಿರುತ್ತದೆ.

ಪ್ರಶ್ನೆ: ಸ್ಕೋಪಸ್ ಜರ್ನಲ್, ಏಳು ದಿನದಲ್ಲಿ ಪ್ರಕಟಣೆ ಎಂದು ಇಮೇಲ್ ಬಂದಿದೆ. ನಂಬಬಹುದೇ?

ಉತ್ತರ: ಏಳು ದಿನದಲ್ಲಿ ಸರಿಯಾದ ವಿಮರ್ಶೆ ಆಗುವುದಿಲ್ಲ, ವಿಮರ್ಶಕರು ಒಪ್ಪಿಕೊಳ್ಳುವುದಕ್ಕೇ ಅಷ್ಟು ಬೇಕು. ಆದರೂ ಪರೀಕ್ಷಿಸುವುದಾದರೆ ಜರ್ನಲ್‌ನ ಹೆಸರಿನಿಂದಲ್ಲ, ಅದರ ಗುರುತಿನ ಐಎಸ್‌ಎಸ್‌ಎನ್ ಸಂಖ್ಯೆಯಿಂದ ಸ್ಕೋಪಸ್‌ನ ಮೂಲಪಟ್ಟಿಯಲ್ಲಿ ಹುಡುಕಿ. ಅದಕ್ಕೆ ಹಣ ಬೇಡ. ಯಾವ ವರ್ಷದವರೆಗೆ ಸೇರಿಸಿದ್ದಾರೆ ನೋಡಿ, ಹೊರಹಾಕಿದ ಜರ್ನಲ್‌ಗಳೂ ಹಳೆಯ ಮುದ್ರೆ ತೋರಿಸುತ್ತವೆ. ಒಳ್ಳೆಯ ಜರ್ನಲ್‌ನ ಹೆಸರಿನಲ್ಲಿ ನಕಲಿ ತಾಣ ನಡೆಸುವವರೂ ಇದ್ದಾರೆ, ಆದ್ದರಿಂದ ಇಮೇಲ್‌ನ ಕೊಂಡಿ ಬಿಟ್ಟು ಮೂಲಪಟ್ಟಿಯಲ್ಲಿ ಸಿಗುವ ಪ್ರಕಾಶಕರ ಮೂಲಕವೇ ಹೋಗಿ. ಯುಜಿಸಿ ಒಪ್ಪಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ 2025ರಲ್ಲಿ ನಿಂತಿತು. ಈಗಲೂ ಅದರ ಹೆಸರು ಹೇಳಿ ಹಣ ಕೇಳುವವರಿಂದ ದೂರವಿರಿ.

ಪ್ರಶ್ನೆ: ಇಂಪ್ಯಾಕ್ಟ್ ಫ್ಯಾಕ್ಟರ್ 2.5 ಇರುವ ಜರ್ನಲ್‌ನಲ್ಲಿ ಬಂದರೆ ನನ್ನ ಪ್ರಬಂಧಕ್ಕೂ ಅಷ್ಟೇ ತೂಕವೇ?

ಉತ್ತರ: ಇಲ್ಲ. ಅದು ಇಡೀ ಜರ್ನಲ್‌ನ ಸರಾಸರಿ. ಜರ್ನಲ್ 2022, 2023ರಲ್ಲಿ 200 ಪ್ರಬಂಧ ಪ್ರಕಟಿಸಿ, 2024ರಲ್ಲಿ ಅವುಗಳಿಗೆ 500 ಉಲ್ಲೇಖ ಬಂದರೆ 2.5. ಆ 500ರಲ್ಲಿ ಹತ್ತಾರು ಪ್ರಬಂಧಗಳೇ ಹೆಚ್ಚಿನ ಪಾಲು ತಂದು, ಬಹಳಷ್ಟಕ್ಕೆ ಸೊನ್ನೆ ಇರಬಹುದು.

ಪ್ರಶ್ನೆ: ನನ್ನ ಸ್ಕಾಲರ್ ಪುಟದಲ್ಲಿ ಯಾರದೋ ಹೃದ್ರೋಗದ ಪ್ರಬಂಧಗಳು ಸೇರಿವೆ!

ಉತ್ತರ: ಇನಿಷಿಯಲ್ ಮತ್ತು ಒಂಟಿ ಹೆಸರಿನ ಫಲ ಇದು. ತಾನಾಗಿ ಸೇರಿಸುವ ಆಯ್ಕೆ ನಿಲ್ಲಿಸಿ, ಬೇರೆಯವರ ಪ್ರಬಂಧಗಳನ್ನು ಅಳಿಸಿ. ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ಉಚಿತ. ಮೊದಲ ಪ್ರಬಂಧಕ್ಕೂ ಮುಂಚೆ ಪಡೆದು, ಪ್ರತಿ ಸಲ ಹೆಸರನ್ನು ಒಂದೇ ರೀತಿ ಬರೆಯಿರಿ. ಸ್ಕೋಪಸ್‌ನಲ್ಲಿ ನಿಮ್ಮದು ಎರಡು ಹೆಸರಾಗಿ ಒಡೆದಿದ್ದರೆ ಲೇಖಕರ ತಿದ್ದುಪಡಿ ಅರ್ಜಿಯಲ್ಲಿ ಒಂದಾಗಿಸಬಹುದು, ಬಡ್ತಿಯ ಗಡುವಿಗೆ ಮೊದಲೇ ಹಾಕಿ.