ಗಂಡ-ಹೆಂಡತಿ ಮನೆಯಲ್ಲೇ ಕೂತು ಇತ್ತೀಚೆಗೆ ನೋಡಿದ ಸಿನಿಮಾ ಯಾವುದು, ಹೇಗಿತ್ತು?

ಪ್ರಶ್ನೆಯ ಜೊತೆ ನೀವು ಬರೆದ ವಿವರವನ್ನೂ ಓದಿದೆ. ಹೊಸದಾಗಿ ಮದುವೆಯಾಗಿದೆ, ಶನಿವಾರ ರಾತ್ರಿ ಏನು ನೋಡುವುದು ಅಂತ ಹುಡುಕುವಷ್ಟರಲ್ಲಿ ಊಟವೇ ಮುಗಿದಿರುತ್ತದೆ, ಇಬ್ಬರಿಗೂ ಹಿಡಿಸುವ ಸಿನಿಮಾ ಸಿಗುತ್ತಿಲ್ಲ ಅಂತ ಹೇಳಿದ್ದೀರಿ. ನಮಗೆ ಮದುವೆಯಾಗಿ ತುಂಬ ವರ್ಷವಾಯಿತು. ಈಗಲೂ ಸಿಗುವುದಿಲ್ಲ. ಇಬ್ಬರಿಗೂ ಒಂದೇ ಸಮ ಹಿಡಿಸಲೇಬೇಕು ಅನ್ನುವ ಹಟ ಬಿಟ್ಟೆವು, ಅಷ್ಟೆ.

ನಾನು ಶಿವಮೊಗ್ಗ ಜಿಲ್ಲೆಯವಳು. ನಮ್ಮ ಮನೆಯವರು ಪುತ್ತೂರಿನ ಕಡೆಯವರು. ಇರುವುದು ಬೆಂಗಳೂರಿನಲ್ಲಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಯಾವ ಸಿನಿಮಾ ಯಾರಿಗೆ ಹಿಡಿಸುತ್ತದೆ ಅನ್ನುವುದರಲ್ಲಿ ನಮ್ಮಲ್ಲಿ ಊರಿನ ಪಾಲೇ ಜಾಸ್ತಿ. ಹೀರೋ ಯಾರು, ಡೈರೆಕ್ಟರ್ ಯಾರು ಅನ್ನುವುದೆಲ್ಲ ಆಮೇಲೆ.

'ಸು ಫ್ರಮ್ ಸೋ' ನೋಡಿದಾಗ ಇದು ಚೆನ್ನಾಗಿ ಗೊತ್ತಾಯಿತು. 2025ರ ಜುಲೈನಲ್ಲಿ ಬಿಡುಗಡೆಯಾದಾಗ ಎಲ್ಲರೂ ಅದರದೇ ಮಾತು. ನಮಗೆ ಥಿಯೇಟರ್‌ಗೆ ಹೋಗಲು ಆಗಲೇ ಇಲ್ಲ, ಓಟಿಟಿಗೆ ಬಂದ ಮೇಲೆ ನೋಡಿದೆವು. ಕರಾವಳಿಯ ಒಂದು ಹಳ್ಳಿ. ಅಶೋಕ ಅನ್ನುವ ಹುಡುಗ ಮಾಡಬಾರದ್ದು ಮಾಡಿ ಸಿಕ್ಕಿಬೀಳುತ್ತಾನೆ. ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದವನ ಹಾಗೆ ಆಡುತ್ತಾನೆ. ಅದು ಸೋಮೇಶ್ವರದ ಸುಲೋಚನಾ ಅನ್ನುವವಳ ದೆವ್ವ ಅಂತ ಊರೆಲ್ಲ ನಂಬುತ್ತದೆ. ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದವರು ಜೆ.ಪಿ. ತುಮಿನಾಡು. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು, ದೆವ್ವ ಬಿಡಿಸಲು ಬರುವ ಗುರೂಜಿಯೂ ಅವರೇ.

ನಮ್ಮ ಮನೆಯವರು ಶುರುವಿನಿಂದಲೇ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ ಅಂತಲ್ಲ, ಆದರೆ ಅವರು ನಕ್ಕು ಮುಗಿಸುವ ಹೊತ್ತಿಗೆ ನನ್ನ ನಗು ಶುರುವಾಗುತ್ತಿತ್ತು. "ಎಂತ ಮಾರಾಯ್ತಿ, ನಿಂಗೆ ನಗು ಬರುದಿಲ್ವಾ?" ಅಂತ ಎರಡು ಸಲ ಕೇಳಿದರು. ಮಾತು ಅರ್ಥವಾಗದೆ ಅಲ್ಲ. ಇಷ್ಟು ವರ್ಷ ಆ ಕಡೆಯ ಮಾತು ಕೇಳಿಸಿಕೊಂಡಿದ್ದೇನೆ. ಆದರೆ ಇದರಲ್ಲಿ ನಗು ಇರುವುದು ಮಾತಿನಲ್ಲಿ ಮಾತ್ರ ಅಲ್ಲ. ದೆವ್ವದ ಸುದ್ದಿ ಹಬ್ಬಿದ ಮೇಲೆ ಅಂಗಳದಲ್ಲಿ ಜನ ಸೇರುತ್ತಾರಲ್ಲ, ಆಗ ಒಬ್ಬೊಬ್ಬರು ನಿಲ್ಲುವ ರೀತಿ, ಯಾರೂ ಕೇಳದಿದ್ದರೂ ಸಲಹೆ ಕೊಡುವವರು, ಸುಮ್ನೆ ತಲೆಯಾಡಿಸುತ್ತಾ ನಿಂತವರು. "ಇವರು ನಮ್ಮ ಪಕ್ಕದ ಮನೆಯವರು, ಅವರು ನಮ್ಮ ದೊಡ್ಡಪ್ಪ" ಅಂತ ಇವರು ಬೆರಳು ಮಾಡಿ ತೋರಿಸುತ್ತಲೇ ಇದ್ದರು. ಇದರಲ್ಲಿರುವ ಹಲವರು ತುಳು ನಾಟಕಗಳಲ್ಲಿ ಪಳಗಿದವರು. ಒಬ್ಬ ಮಾತಾಡುವಾಗ ಹಿಂದೆ ನಿಂತ ನಾಲ್ಕು ಜನ ಏನು ಮಾಡಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ದೊಡ್ಡ ಸ್ಟಾರ್ ಸಿನಿಮಾಗಳಲ್ಲಿ ಹಿಂದೆ ನಿಂತವರು ಮರದ ಬೊಂಬೆಗಳ ಹಾಗೆ ಇರುತ್ತಾರೆ ಅಲ್ವಾ?

ನನಗೆ ಹಿಡಿಸಿದ್ದು ಎರಡನೇ ಅರ್ಧ, ಸುಲೋಚನಾಳ ಮಗಳು ಭಾನು ಬಂದ ಮೇಲೆ. ಅಲ್ಲಿಯವರೆಗೆ ದೆವ್ವ ಅಂದರೆ ತಮಾಷೆ. ಅವಳು ಬಂದ ಮೇಲೆ ಆ ಹೆಸರಿಗೂ ಒಂದು ಬದುಕು ಇತ್ತು ಅಂತ ತಿಳಿಯುತ್ತದೆ. ಇವರಿಗೆ ಆ ಭಾಗ ಎಳೆದ ಹಾಗೆ ಅನ್ನಿಸಿತಂತೆ. ನನ್ನದು ಒಂದೇ ತಕರಾರು. ಹುಡುಗಿ ಸ್ನಾನ ಮಾಡುವಾಗ ಇಣುಕಿದವನ ಕಥೆ ಇದು. ಆ ಇಣುಕಿದ್ದನ್ನು ಸಿನಿಮಾ ನಗುನಗುತ್ತಾ ದಾಟಿಬಿಟ್ಟಿತು. ಈ ಮಾತು ಹೇಳಿದಾಗ ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹೌದು" ಅಂದರು.

ಮುಂದಿನ ಸರದಿ ನನ್ನದು. 'ಶಾಖಾಹಾರಿ' ಹಾಕಿದೆ. 2024ರ ಸಿನಿಮಾ, ಸಂದೀಪ್ ಸುಂಕದ್ ನಿರ್ದೇಶನ. ಮಲೆನಾಡಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲ್, ಅದನ್ನು ನಡೆಸುವ ಸುಬ್ಬಣ್ಣ. ಪೊಲೀಸರಿಂದ ತಪ್ಪಿಸಿಕೊಂಡವನೊಬ್ಬ ಬಂದು ಅಲ್ಲಿ ಅಡಗುತ್ತಾನೆ. ಮುಂದಿನದು ಹೇಳುವುದಿಲ್ಲ, ಹೇಳಿದರೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಊಟ ಮಾಡುತ್ತಾ ಮಾತ್ರ ನೋಡಬೇಡಿ. ಈ ಮಾತನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಸುಬ್ಬಣ್ಣನಾಗಿ ರಂಗಾಯಣ ರಘು. ಎಷ್ಟೋ ವರ್ಷ ಅವರನ್ನು ಕಿರುಚಾಡುವ ವಿಲನ್, ಕಿರುಚಾಡುವ ಕಾಮಿಡಿ ಪಾತ್ರಗಳಿಗೇ ಕರೆದರು. ಮೈಸೂರಿನ ರಂಗಾಯಣದಲ್ಲಿ ಬಿ.ವಿ. ಕಾರಂತರ ಕೈಕೆಳಗೆ ತಯಾರಾದ ನಟ ಅನ್ನುವುದೇ ಮರೆತುಹೋಗುವಷ್ಟು. ಇಲ್ಲಿ ಅವರಿಗೆ ಮಾತು ಕಡಿಮೆ. ಗಿರಾಕಿ ಎದುರಿಗೆ ಕೂತು ಮಾತಾಡುತ್ತಿರುವಾಗ ಮುಖದಲ್ಲಿ ಒಂದು ನಗು ಇಟ್ಟುಕೊಂಡು, ಕಣ್ಣು ಮಾತ್ರ ಇನ್ನೆಲ್ಲೋ ಇರುತ್ತದೆ. ಸಬ್ ಇನ್‌ಸ್ಪೆಕ್ಟರ್ ಆಗಿ ಗೋಪಾಲಕೃಷ್ಣ ದೇಶಪಾಂಡೆ. ಇಬ್ಬರೂ ಎದುರುಬದುರಾದಾಗೆಲ್ಲ ನನಗೆ ಎದೆ ಡವಡವ. ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಇಂಥದ್ದೇ ಒಂದು ಹೋಟೆಲ್ ಇತ್ತು. ಬೆಂಚು, ಒಲೆ, ದಿನಾ ಬರುವ ಅದೇ ಜನ, ಅದೇ ಮಾತು. ಅಂಥ ಕಡೆ ಇಂಥದ್ದು ನಡೆದರೆ ಎಷ್ಟು ದಿನ ಮುಚ್ಚಿಡಬಹುದು ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಇವರು "ಸ್ವಲ್ಪ ನಿಧಾನ ಆಯ್ತು" ಅಂತ ಎದ್ದು ನೀರು ಕುಡಿಯಲು ಹೋದರು. ಸರಿ, ಲೆಕ್ಕ ಚುಕ್ತಾ.

ಇಬ್ಬರಿಗೂ ಹೊರಗಿನದಾದ ಊರಿನ ಕಥೆ ನೋಡಿದರೆ ಹೇಗೆ ಅಂತ ಒಮ್ಮೆ 'ಮೆಯ್ಯಳಗನ್' ಹಾಕಿದೆವು. ತಮಿಳಿನಲ್ಲೇ, ಸಬ್‌ಟೈಟಲ್ ಇಟ್ಟುಕೊಂಡು. ಇದೂ 2024ರದು, ಸಿ. ಪ್ರೇಮ್‌ಕುಮಾರ್ ನಿರ್ದೇಶನ. ಆಸ್ತಿ ಜಗಳದಲ್ಲಿ ತಂಜಾವೂರಿನ ಮನೆ ಬಿಟ್ಟು ಚೆನ್ನೈ ಸೇರಿದ ಅರುಳ್, ಎರಡು ದಶಕ ಕಳೆದ ಮೇಲೆ ತಂಗಿಯೊಬ್ಬಳ ಮದುವೆಗೆ ಆ ಕಡೆ ಹೋಗುತ್ತಾನೆ. ಅಲ್ಲಿ ಒಬ್ಬ ಸಂಬಂಧಿಕ ಅಂಟಿಕೊಳ್ಳುತ್ತಾನೆ, ಮನೆಗೆ ಕರೆದೊಯ್ಯುತ್ತಾನೆ, ಉಪಚಾರ ಮಾಡುತ್ತಾನೆ. ಅರುಳ್‌ಗೆ ಮಾತ್ರ ಅವನ ಹೆಸರು ನೆನಪಿಗೆ ಬರುವುದಿಲ್ಲ. ಅರವಿಂದ್ ಸ್ವಾಮಿ, ಕಾರ್ತಿ ಇಬ್ಬರದೇ ಸಿನಿಮಾ ಅಂದರೂ ಆದೀತು. ಹೊಡೆದಾಟ ಇಲ್ಲ, ಪ್ರೇಮಕಥೆಯೂ ಇಲ್ಲ. ಉದ್ದ ಜಾಸ್ತಿಯಾಯಿತು ಅಂತ ಬಿಡುಗಡೆಯಾದ ಮೇಲೆ ಸುಮಾರು 18 ನಿಮಿಷ ಕತ್ತರಿಸಿದರು.

ಹೆಸರು ಮರೆಯುವ ವಿಷಯದಲ್ಲಿ ನಮ್ಮ ಮನೆಯವರೂ ಕಡಿಮೆ ಇಲ್ಲ. ಯಾವ ಮದುವೆಗೆ ಹೋದರೂ "ಹೋ, ಯಾವಾಗ ಬಂದದ್ದು?" ಅಂತ ಕೈಹಿಡಿದು ಮಾತಾಡಿಸುತ್ತಾರೆ. ಅವರು ಅತ್ತ ಹೋದ ಕೂಡಲೇ ನನ್ನ ಕಿವಿಯಲ್ಲಿ "ಯಾರದು?" ಹಾಗಾಗಿ ಇವರು ಸಿನಿಮಾ ಪೂರ್ತಿ ಅರುಳ್ ಕಡೆ. ನನ್ನನ್ನು ಹಿಡಿದಿಟ್ಟಿದ್ದು ಮದುವೆ ಮಂಟಪದ ದೃಶ್ಯ. ತಂದ ಉಡುಗೊರೆಯನ್ನು ಕೈಗೆ ಕೊಟ್ಟು ಬರುವುದು ಬಿಟ್ಟು, ಅರುಳ್ ತಂಗಿಯ ಎದುರು ಕೂತು ತಾನೇ ಅವಳ ಕಾಲಿಗೆ ಗೆಜ್ಜೆ ಹಾಕುತ್ತಾನೆ. ಹಿಂದೆ ಗಂಡು, ಫೋಟೋದವನು, ಸಾಲಿನಲ್ಲಿ ಕಾಯುವ ನೆಂಟರು. ಯಾರೂ ಅವಸರ ಮಾಡುವುದಿಲ್ಲ. ನಮ್ಮ ಮದುವೆಗಳಲ್ಲಿ ಈಗ ಕವರ್ ಕೊಟ್ಟು, ಕ್ಯಾಮೆರಾ ನೋಡಿ, ಊಟದ ಹಾಲ್ ಕಡೆ ಓಡುವುದಷ್ಟೇ ಅಲ್ವಾ? ಇಲ್ಲಿ ಇಬ್ಬರ ಕಣ್ಣಲ್ಲೂ ನೀರು ಬಂತು. ಬೇಕಾದರೆ ಇದೇ ನಿಮ್ಮ 'ಇಬ್ಬರಿಗೂ ಹಿಡಿಸುವ ಸಿನಿಮಾ' ಅಂತ ಇಟ್ಟುಕೊಳ್ಳಿ. ಆದರೆ ರಾತ್ರಿ ಬೇಗ ಶುರು ಮಾಡಿ. ಮಾತು, ಮಾತು, ಮಾತು. ನಿದ್ದೆಗಣ್ಣಿನಲ್ಲಿ ನೋಡುವುದಲ್ಲ.

'ದಿ ಗ್ರೇಟ್ ಇಂಡಿಯನ್ ಕಿಚನ್' 2021ರ ಮಲಯಾಳಂ ಸಿನಿಮಾ. ತಡವಾಗಿ ನೋಡಿದೆವು. ಹೊಸ ಸೊಸೆ, ಅಡುಗೆಮನೆ, ಸೋರುವ ಸಿಂಕು. ಗಂಡಸರು ಜಗಿದು ಉಗಿದ ನುಗ್ಗೆಕಾಯಿ ನಾರು ಊಟದ ಮೇಜಿನ ಮೇಲೆ ಬಿದ್ದಿರುತ್ತದೆ. ಅವರು ಎದ್ದುಹೋದ ಮೇಲೆ ಹೆಂಗಸರು ಅದೇ ಮೇಜಿನಲ್ಲಿ ಉಣ್ಣಬೇಕು. ಅರ್ಧದಲ್ಲಿ ಇವರು "ನಮ್ಮಲ್ಲಿ ಹೀಗೆಲ್ಲ ಇಲ್ಲ ಅಲ್ವಾ" ಅಂದರು. ಆ ಮನೆಯ ಮಾವ ಚಟ್ನಿಯನ್ನು ಕೈಯಲ್ಲೇ ರುಬ್ಬಿರಬೇಕು ಅನ್ನುವವನು. ಮಿಕ್ಸಿಯಲ್ಲಿ ಅರೆದ ಮಸಾಲೆಗೆ ರುಚಿಯೇ ಇಲ್ಲ ಅಂತ ಹೋದ ವಾರ ಯಾರು ಹೇಳಿದ್ದು ಅಂತ ಕೇಳಿದೆ. ಉತ್ತರ ಬರಲಿಲ್ಲ. ಒಳ್ಳೆಯ ಸಿನಿಮಾ, ಖಂಡಿತ ನೋಡಿ. ಅತ್ತೆ-ಮಾವನ ಜೊತೆ ಇದ್ದರೆ ಮಾತ್ರ ದಿನ ನೋಡಿ ಹಾಕಿ.

ಅರ್ಧಕ್ಕೇ ನಿಲ್ಲಿಸಿದವೂ ಇವೆ. ಹೆಸರು ಬೇಡ, ಫ್ಯಾನ್ಸ್ ಜಗಳಕ್ಕೆ ಬರುತ್ತಾರೆ. ಹೀರೋ ನಡೆದು ಬರುವುದಕ್ಕೇ ಅಷ್ಟು ಹೊತ್ತು ಹಿಡಿದರೆ ಕಥೆ ಯಾವಾಗ ಬರುವುದು? ಅದಕ್ಕಿಂತ ತಲೆನೋವು ಸದ್ದಿನದು. ಮಾತು ಕೇಳಿಸದು, ಹೊಡೆದಾಟ ಬಂದ ಕೂಡಲೇ ಪಕ್ಕದ ಮನೆಯ ಮಗು ಏಳುವಷ್ಟು ಗದ್ದಲ. ಇದು ಟಿವಿಯ ದೋಷವೇ ಆಗಬೇಕಿಲ್ಲ. ಥಿಯೇಟರ್‌ಗೆ, ಹೋಮ್ ಥಿಯೇಟರ್‌ಗೆ ಅಂತ ಮಾಡಿದ ಸೌಂಡ್‌ನಲ್ಲಿ ಮಾತೆಲ್ಲ ಹೆಚ್ಚಾಗಿ ನಡುವಿನ ಸ್ಪೀಕರ್‌ಗೆ ಹೋಗುತ್ತದೆ. ನಮ್ಮ ಟಿವಿಯಲ್ಲಿ ಅದು ಇಲ್ಲ, ಇರುವ ಎರಡರಲ್ಲೇ ಎಲ್ಲ ತುರುಕಬೇಕು. ಆಡಿಯೋ ಆಯ್ಕೆಯಲ್ಲಿ 5.1 (ಅದೇ ಆ ಹೋಮ್ ಥಿಯೇಟರ್ ಸೌಂಡ್) ಇದ್ದರೆ ಅದನ್ನು ಎರಡು ಸ್ಪೀಕರ್‌ನ ಸ್ಟೀರಿಯೋಗೆ ಬದಲಾಯಿಸಿ ನೋಡಿ, ಎಷ್ಟೋ ವಾಸಿ.

ಏನೂ ಬೇಡ, ಸುಮ್ನೆ ನಗಬೇಕು ಅನ್ನಿಸಿದ ದಿನ ನಮ್ಮದು 'ಗಣೇಶನ ಮದುವೆ'. 1990ರ ಫಣಿ ರಾಮಚಂದ್ರ ಸಿನಿಮಾ. ವಠಾರದಲ್ಲಿ ಅನಂತ್ ನಾಗ್ ಮತ್ತು ವಿನಯಾ ಪ್ರಸಾದ್ ಕಚ್ಚಾಡುತ್ತಾರೆ, ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು. ಮುಂದಿನ ಡೈಲಾಗ್ ಏನು ಅಂತ ಇಬ್ಬರಿಗೂ ಗೊತ್ತು, ಆದರೂ ನೋಡುತ್ತೇವೆ. ಇದರಲ್ಲಿ ಮಾತ್ರ ಮಲೆನಾಡು, ಕರಾವಳಿ ಭೇದವಿಲ್ಲ.

ನೀವಿಬ್ಬರೂ ಯಾವ ಕಡೆಯವರು ಅಂತ ಬರೆದಿಲ್ಲ. ತಿಳಿಸಿದರೆ ಇನ್ನೊಂದೆರಡು ಹೆಸರು ಹೇಳಬಹುದು. ಒಬ್ಬರಾದರೂ ಮಂಡ್ಯ ಕಡೆಯವರಾದರೆ ಕಾಯಬೇಡಿ, ಈ ಶನಿವಾರವೇ 'ತಿಥಿ' ಹಾಕಿ. ನಟನೆ ಗೊತ್ತಿಲ್ಲದ ಊರಿನ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ್ದು. ಬೈಗುಳ ಧಾರಾಳವಾಗಿದೆ, ಮನೆಯಲ್ಲಿ ದೊಡ್ಡವರಿದ್ದರೆ ಅವರು ಮಲಗಿದ ಮೇಲೆ ನೋಡಿ.