ಟೊಮೇಟೊ ಹಸಿರಾಗಿರುವಾಗಲೇ ಬಾಡಿದರೆ

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಟೊಮೇಟೊ, ಬದನೆ ನೆಟ್ಟರೆ ಹೂ ಬಿಡುವ ಹೊತ್ತಿಗೆ ಇದ್ದಕ್ಕಿದ್ದಂತೆ ಬಾಡಿ ಸಾಯುತ್ತವೆ. ಎಲೆ ಹಳದಿಯೂ ಆಗುವುದಿಲ್ಲ. ನೀರು ಜಾಸ್ತಿ ಹಾಕಿದರೂ ಉಳಿಯುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ನೀರು ಸಾಲದೆ ಹೀಗಾಗಿದ್ದಲ್ಲ. ನೀವು ಹೇಳುವ ಲಕ್ಷಣ ನೋಡಿದರೆ ಇದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಕರಾವಳಿಯ ಹುಳಿ ಮಣ್ಣು, ಸೆಕೆ, ತೇವ ಎಲ್ಲವೂ ಅದಕ್ಕೆ ಒಗ್ಗುತ್ತವೆ. ಮೊದಲು ಖಾತ್ರಿ ಮಾಡಿಕೊಳ್ಳಿ. ಆಗಷ್ಟೇ ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲುಬಿಳಿ ಎಳೆ ಸಣ್ಣಗೆ ಕೆಳಗಿಳಿದರೆ ಅನುಮಾನವೇ ಬೇಡ. ನೀರು ಮೇಲೇರುವ ದಾರಿಯನ್ನು ಮುಚ್ಚಿದ ದುಂಡಾಣು ಅದೇ. ಶಿಲೀಂಧ್ರನಾಶಕಕ್ಕೆ ಸುಮ್ನೆ ದುಡ್ಡು ಹಾಕಬೇಡಿ, ಇದು ಶಿಲೀಂಧ್ರವೇ ಅಲ್ಲ.

ಬದನೆಗೆ ನಾನು ನಂಬುವುದು ಕಸಿಯನ್ನು. ಬೇಲಿ ಬದಿಯ ಸುಂಡೆಕಾಯಿ ಗಿಡದ ಬೇರಿಗೆ ಈ ರೋಗ ಸುಲಭಕ್ಕೆ ತಾಗುವುದಿಲ್ಲ. ಸುಂಡೆ ಬೀಜ ಮೊಳೆಯುವುದು ನಿಧಾನ, ಹಾಗಾಗಿ ಬದನೆಗಿಂತ ಕೆಲವು ವಾರ ಮೊದಲೇ ಬಿತ್ತಿ. ಎರಡರ ಕಾಂಡವೂ ಒಂದೇ ದಪ್ಪಕ್ಕೆ ಬಂದಾಗ ಸುಂಡೆಯ ತಲೆ ಕತ್ತರಿಸಿ ನಡುವೆ ಸೀಳಿ. ಬದನೆ ಕುಡಿಯ ಬುಡವನ್ನು ಬೆಣೆಯ ಹಾಗೆ ಹೆರೆದು ಆ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ. ಒಂದು ವಾರ ನೆರಳಿನಲ್ಲಿಟ್ಟು ಪ್ಲಾಸ್ಟಿಕ್ ಚೀಲ ಮುಚ್ಚಿರಿ. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲಿರಲೇಬೇಕು. ಹೂತರೆ ಬದನೆ ತನ್ನದೇ ಬೇರು ಬಿಡುತ್ತದೆ, ಪಟ್ಟ ಕಷ್ಟವೆಲ್ಲ ನೀರಲ್ಲಿ ಹೋಮ. ಬುಡದಿಂದ ಬರುವ ಸುಂಡೆ ಚಿಗುರನ್ನು ಚಿವುಟುತ್ತಿರಿ. ಮಟ್ಟುಗುಳ್ಳದಂಥ ನಮ್ಮೂರಿನ ತಳಿ ಬಿಟ್ಟು ಬೇರೆ ಬದನೆ ಹುಡುಕುವ ಅಗತ್ಯ ಇಲ್ಲ, ಬೇರು ಬದಲಿಸಿದರೆ ಸಾಕು.

ಟೊಮೇಟೊಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತನ್ನಿ. ದುಂಡಾಣು ಸೊರಗು, ಎಲೆ ಮುದುಡು, ಬೇಗ ಬರುವ ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್ ಅದು. ಹಣ್ಣಿನ ಬೀಜ ತೆಗೆದಿಟ್ಟರೆ ಅದೇ ಗುಣ ಬರುವುದಿಲ್ಲ, ಪ್ರತಿ ಸಲ ಹೊಸ ಬೀಜವೇ ಬೇಕು. ಮಳೆ ನಿಂತ ಮೇಲೆ, ನವೆಂಬರಿನಲ್ಲಿ ಏರುಮಡಿ ಮಾಡಿ ನೆಡಿ. ಮಾರ್ಚಿನ ಸೆಕೆಗೆ ಹೂ ಉದುರುವ ಮೊದಲೇ ಒಳ್ಳೆ ಫಸಲು ಸಿಗುತ್ತದೆ.

ಬಾಡಿದ ಗಿಡವನ್ನು ಗೊಬ್ಬರಗುಂಡಿಗೆ ಹಾಕಬೇಡಿ, ಬೇರುಸಮೇತ ಕಿತ್ತು ಸುಡಿ. ಆ ಜಾಗದಲ್ಲಿ ಸದ್ಯಕ್ಕೆ ಮೆಣಸಿನ ಗಿಡವೂ ಬೇಡ, ಅದಕ್ಕೂ ಇದೇ ರೋಗ ಬರುತ್ತದೆ. ಅಲಸಂಡೆ, ಹರಿವೆ ಹಾಕಿ. ಅಲ್ಲಿ ಅಗೆದ ಹಾರೆಯನ್ನು ತೊಳೆಯದೆ ಇನ್ನೊಂದು ಮಡಿಗೆ ಇಳಿಸಬೇಡಿ.