ಒಪ್ಪಂದಕ್ಕೆ ಸಹಿ ಇದೆ, ಆದರೂ ಬಾಗಿಲು ಮುಚ್ಚುವುದು ಹೇಗೆ?

ಪ್ರಶ್ನೆ: ನಿರಾಶ್ರಿತರನ್ನು ಅಪಾಯವಿರುವ ಕಡೆಗೆ ವಾಪಸ್ ಕಳಿಸಬಾರದು ಎಂಬ ಒಪ್ಪಂದಕ್ಕೆ ಬಹಳ ದೇಶಗಳು ಸಹಿ ಹಾಕಿವೆ. ಆದರೂ ಅವೇ ಸರ್ಕಾರಗಳು ಅವರನ್ನು ತಡೆಯುತ್ತಿವೆ. ಜನ ಓಟು ಹಾಕಿ ಅದನ್ನೇ ಕೇಳಿದರೆ ತಪ್ಪೇನು? ಪಾಪ್ಯುಲಿಸಂನಿಂದ ಮಾನವ ಹಕ್ಕುಗಳಿಗೆ ನಿಜಕ್ಕೂ ಪೆಟ್ಟು ಬಿದ್ದಿದೆಯೇ, ಇಲ್ಲಾ ಇದು ಬರೀ ಭಾಷಣವೇ?

ಉತ್ತರ: ಪಾಪ್ಯುಲಿಸಂ ಅಂದರೆ ಸುಮ್ನೆ ಉಚಿತ ಕೊಡುಗೆ ಹಂಚುವುದು ಎಂದುಕೊಂಡವರೇ ಜಾಸ್ತಿ. ಇಲ್ಲಿ ಅದರ ಅರ್ಥ ಬೇರೆ. 'ನಿಜವಾದ ಜನ ನಾವು, ಅವರ ದನಿ ನಾನೊಬ್ಬನೇ' ಎನ್ನುವ ರಾಜಕಾರಣ ಅದು. ಹಾಗೆಂದ ಮೇಲೆ ಹೊರಗಿನವರು ಯಾರಾದರೂ ಬೇಕಲ್ವಾ? ವಲಸಿಗರು ಸುಲಭವಾಗಿ ಸಿಗುತ್ತಾರೆ. ಅವರಿಗೆ ಓಟಿಲ್ಲ.

ಕೆಲಸಕ್ಕೆ ಬರುವವರ ವೀಸಾ ಕಡಿಮೆ ಮಾಡಿ ಎಂದು ಜನ ಕೇಳಿದರೆ ತಪ್ಪಿಲ್ಲ. ಸರ್ಕಾರಕ್ಕೆ ಆ ಅಧಿಕಾರ ಇದೆ. ಜೀವಭಯದಿಂದ ಓಡಿ ಬಂದವರ ಮಾತು ಬೇರೆ. 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ ಅವರನ್ನು ಅದೇ ಅಪಾಯಕ್ಕೆ ತಳ್ಳುವುದನ್ನು ತಡೆಯುತ್ತದೆ. ಅಪವಾದಗಳು ತೀರಾ ಕಡಿಮೆ.

ಈ ಒಪ್ಪಂದವನ್ನು ಯಾರೂ ಹರಿದು ಹಾಕುವುದಿಲ್ಲ. ಅದರ ಅಗತ್ಯವೂ ಇಲ್ಲ. ಆಶ್ರಯಕ್ಕೆ ಅರ್ಜಿ ಕೊಡುವ ಜಾಗಕ್ಕೆ ಮನುಷ್ಯ ತಲುಪದಂತೆ ನೋಡಿಕೊಂಡರೆ ಮುಗಿಯಿತು. 2009ರಲ್ಲಿ ಇಟಲಿ ಸಮುದ್ರದ ನಡುವೆಯೇ ಸೊಮಾಲಿಯಾ, ಎರಿಟ್ರಿಯಾದ ಜನರನ್ನು ತನ್ನ ಹಡಗಿಗೆ ಹತ್ತಿಸಿಕೊಂಡು ಲಿಬಿಯಾಕ್ಕೆ ಬಿಟ್ಟು ಬಂತು. ಅವರು ಯಾರು, ಏಕೆ ಬಂದರು ಎಂದು ಕೇಳುವ ಗೋಜಿಗೇ ಹೋಗಲಿಲ್ಲ. ಇದು ತಪ್ಪು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 2012ರಲ್ಲಿ. ಹಡಗು ಯಾರ ಹಿಡಿತದಲ್ಲಿದೆಯೋ ಹೊಣೆಯೂ ಅವರದೇ ಎಂಬುದು ತೀರ್ಪಿನ ತಿರುಳು.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಬ್ರಿಟನ್ನಿನ ರುವಾಂಡಾ ಯೋಜನೆ. ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಕಳಿಸುತ್ತೇವೆ ಎಂದು 2022ರಲ್ಲಿ ಸರ್ಕಾರ ಘೋಷಿಸಿತು. ಅಲ್ಲಿಂದ ಅವರನ್ನು ಮತ್ತೆ ತಾಯ್ನಾಡಿಗೇ ಅಟ್ಟುವ ಅಪಾಯವಿದೆ ಎಂದು 2023ರ ನವೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತಡೆಯಿತು. ಸರ್ಕಾರ ಏನು ಮಾಡಿತು ಗೊತ್ತೇ? ರುವಾಂಡಾ ಸುರಕ್ಷಿತ ದೇಶ ಎಂದು 2024ರಲ್ಲಿ ಕಾನೂನೇ ಮಾಡಿತು! ಸಾಕ್ಷ್ಯ ನೋಡಿ ಕೋರ್ಟ್ ತೀರ್ಮಾನಿಸಬೇಕಾದ ಸಂಗತಿಯನ್ನು ಸಂಸತ್ತಿನ ಬಹುಮತ ತೀರ್ಮಾನಿಸಿತು. ಅದೇ ವರ್ಷ ಬಂದ ಹೊಸ ಸರ್ಕಾರ ಯೋಜನೆ ಕೈಬಿಟ್ಟಿತು, ನಿಜ. ಆದರೆ ಹೀಗೂ ಮಾಡಬಹುದು ಎಂದು ತೋರಿಸಿಕೊಟ್ಟಾಗಿತ್ತು. ಇವತ್ತು ವಲಸಿಗರ ವಿಷಯದಲ್ಲಿ ಕೋರ್ಟನ್ನು ಬದಿಗೆ ಸರಿಸಿದವರು ನಾಳೆ ಸ್ವಂತ ಪ್ರಜೆಗಳ ವಿಷಯದಲ್ಲಿ ಹಿಂಜರಿಯುತ್ತಾರೆ ಎಂಬ ನಂಬಿಕೆ ನನಗಿಲ್ಲ.

ಹಾಗಾದರೆ ಅಂತರರಾಷ್ಟ್ರೀಯ ತೀರ್ಪುಗಳಿಗೆ ಬೆಲೆಯೇ ಇಲ್ಲವೇ? ಅವುಗಳ ಹಿಂದೆ ಪೊಲೀಸರಿಲ್ಲ. ಕೆಲವೊಮ್ಮೆ ದುಡ್ಡಿನ ಹಗ್ಗ ಇರುತ್ತದೆ. ಆಶ್ರಯದ ನಿಯಮ ಪಾಲಿಸದ ಹಂಗೇರಿಗೆ 2024ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 20 ಕೋಟಿ ಯೂರೋ ದಂಡ ಹಾಕಿತು. ಪಾಲಿಸುವವರೆಗೆ ದಿನಕ್ಕೆ 10 ಲಕ್ಷ ಯೂರೋ ಬೇರೆ. ಹಂಗೇರಿ ಕಟ್ಟಲಿಲ್ಲ. ಒಕ್ಕೂಟದಿಂದ ಅದಕ್ಕೆ ಬರಬೇಕಿದ್ದ ಹಣದಲ್ಲೇ ದಂಡ ಮುರಿದುಕೊಳ್ಳುವ ಕೆಲಸ ಶುರುವಾಯಿತು.